ನಾವೊಬ್ಬರು ಮಾಡಿದರೆ ಏನಾದೀತು?

(ಗ್ರಾಮೀಣ ದಂಪತಿಗಳ ಸಮಾವೇಶವೊಂದರಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳು ಮಾಡಿದ ಭಾಷಣದ ಪೂರ್ಣಪಾಠ)



ಬಿತ್ತನೆಯ ಕೆಲಸದ ನಡುವೆಯೂ ಬಿಡುವು ಮಾಡಿಕೊಂಡು, ಗಂಡಹೆಂಡಿರಿಬ್ಬರೂ ಜೊತೆಯಾಗಿ ಈ ಸಭೆಗೆ ಬಂದಿರುವುದು ನನಗೆ ಬಹಳ ಸಂತೋಷವನ್ನುಂಟುಮಾಡಿದೆ. ಆರೋಗ್ಯದ ಸಭೆಯೆಂದರೆ ತಾಯಂದಿರು ಒಳಗೆ ಬಂದು ಕುಳಿತುಕೊಳ್ಳುವುದು, ಗಂಡಸರು ಹೊರಗಿನ ಕಟ್ಟೆಯ ಮೇಲೆ ಕುಳಿತು ಮಳೆಬೆಳೆಯ ಮಾತನಾಡುವುದು ರೂಢಿಯಾಗಿಬಿಟ್ಟಿದೆ. ಇಂದು ಕಟ್ಟೆ ಬರಿದಾಗಿ ಸಭಾಂಗಣ ತುಂಬಿದೆ. ನಾನು ಹೇಳಬೇಕೆಂದಿರುವ ವಿಷಯದಲ್ಲಿ ಅರ್ಧ ಭಾಗ ಗಂಡಸರಿಗೆ ಸಂಬಂಧಿಸಿದ್ದಾದುದರಿಂದ ಇದು ಒಳ್ಳೆಯ ಲಕ್ಷಣವೆಂದು ಭಾವಿಸುತ್ತೇನೆ.

ಕೆಲವು ತಿಂಗಳ ಹಿಂದೆ ನಮ್ಮ ಕೇಂದ್ರದ ವ್ಯಾಪ್ತಿಯ ಒಂದು ಹಳ್ಳಿಯಲ್ಲಿ ಒಬ್ಬ ತಾಯಿ ತನ್ನ ಎರಡು ವರ್ಷದ ಮಗುವನ್ನು ನನ್ನ ಬಳಿಗೆ ಎತ್ತಿಕೊಂಡು ಬಂದಳು. ಮಗುವಿಗೆ ಭೇದಿಯಾಗಿ ಕಣ್ಣು ಗುಳಿಬಿದ್ದಿತ್ತು, ನಾಲಿಗೆ ಒಣಗಿತ್ತು. ಆ ಮಳೆಗಾಲದಲ್ಲಿ ಮಗುವಿಗೆ ಅದು ಮೂರನೆಯ ಸಲದ ಭೇದಿ. ನಾನು ಎಂದಿನಂತೆ ಶೌಚಾಲಯ, ಕಾಯಿಸಿದ ನೀರು, ಸೋಪು ಎಂದು ಉಪದೇಶ ಆರಂಭಿಸಿದೆ. ಆಕೆ ಸ್ವಲ್ಪ ಹೊತ್ತು ಕೇಳಿ, ಬಳಿಕ ಹೇಳಿದಳು: “ಸ್ವಾಮಿ, ಹೋದ ವರ್ಷವೇ ಶೌಚಾಲಯ ಕಟ್ಟಿಸಿದೆವು. ನಾವೆಲ್ಲ ಅದನ್ನೇ ಬಳಸುತ್ತೇವೆ. ನೀರನ್ನೂ ಕಾಯಿಸುತ್ತೇನೆ. ಆದರೆ ನಮ್ಮ ಹಿತ್ತಿಲಿನ ಆಚೆಗಿರುವ ಬೇಲಿಸಾಲಿಗೆ ಬೀದಿಯವರೆಲ್ಲ ಬೆಳಗಾದರೆ ಹೋಗುತ್ತಾರೆ. ಮಳೆ ಬಂದರೆ ಅದೆಲ್ಲ ನಮ್ಮ ಅಂಗಳಕ್ಕೇ ಹರಿದುಬರುತ್ತದೆ. ನಾವೊಬ್ಬರು ಮಾಡಿದರೆ ಏನಾದೀತು?”

ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಮಗುವಿಗೆ ಜೀವಜಲ ಕುಡಿಸಿ, ಸತುವಿನ ಮಾತ್ರೆ ಕೊಟ್ಟು, ಸಂಜೆಯವರೆಗೆ ಇರಿಸಿಕೊಂಡು ಕಳುಹಿಸಿದೆ. ಮಗು ಚೇತರಿಸಿಕೊಂಡಿತು. ಆದರೆ ಆ ಪ್ರಶ್ನೆ ನನ್ನೊಡನೆಯೇ ಉಳಿಯಿತು. ಇಂತಹ ಪ್ರಶ್ನೆ ಬಂದಾಗಲೆಲ್ಲ ಆರೋಗ್ಯ ಸಿಬ್ಬಂದಿಯಾದ ನಾವು ಬಹುಕಾಲ ಗದರಿಕೆಯನ್ನೇ ಉತ್ತರವನ್ನಾಗಿ ಕೊಡುತ್ತ ಬಂದಿದ್ದೇವೆ. ಅದು ಸರಿಯಲ್ಲ. ತಾನು ಮಾಡಬೇಕಾದುದನ್ನೆಲ್ಲ ಮಾಡಿಯೂ ಫಲ ಕಾಣದ ತಾಯಿಯ ಪ್ರಶ್ನೆ ಅದು. ಅದಕ್ಕೆ ನ್ಯಾಯವಾದ ಉತ್ತರವೊಂದು ಇರಲೇಬೇಕು. ಅದನ್ನೇ ಇಂದು ನಿಮ್ಮ ಮುಂದಿಡಲು ಪ್ರಯತ್ನಿಸುತ್ತೇನೆ.

ಉತ್ತರಕ್ಕಾಗಿ ನಾನು ನಿಮ್ಮನ್ನು ಸ್ವಲ್ಪ ಹಿಂದಿನ ಕಾಲಕ್ಕೆ ಕರೆದೊಯ್ಯಬೇಕಾಗಿದೆ. ನಿಮ್ಮಲ್ಲಿ ಐವತ್ತು ದಾಟಿದವರು ‘ನಾರುಹುಣ್ಣು’ ಎಂಬ ಹೆಸರನ್ನು ಕೇಳಿರಬಹುದು. ಇಲ್ಲಿರುವ ಯುವ ದಂಪತಿಗಳಿಗೆ ಆ ಹೆಸರು ತಿಳಿದಿರಲಾರದು. ಕೈ ಎತ್ತಿ ನೋಡೋಣ... ಹಿಂದಿನ ಸಾಲಿನ ಅಜ್ಜನವರು ಮತ್ತು ಈ ಕಡೆಯ ಇಬ್ಬರು ತಾಯಂದಿರು ಮಾತ್ರ. ಒಂದು ಕಾಲಕ್ಕೆ ಉತ್ತರ ಕರ್ನಾಟಕದ ಒಣಭೂಮಿಯ ಹಳ್ಳಿಗಳಲ್ಲಿ ಈ ಪ್ರಶ್ನೆಯನ್ನು ಕೇಳಿದ್ದರೆ ಕೈ ಎತ್ತದವರೇ ಇರುತ್ತಿರಲಿಲ್ಲ.

ನಾನು ಹುಡುಗನಾಗಿದ್ದಾಗ, ಅಂದರೆ 1970ರ ದಶಕದ ಕೊನೆಯ ವರ್ಷಗಳಲ್ಲಿ, ಮುಂಗಾರಿನ ಆರಂಭಕ್ಕೆ ಸರಿಯಾಗಿ ನನ್ನ ಸೋದರಮಾವನವರಿಗೆ ನಾರು ಹೊರಟಿತು. ಮೊದಲು ಹರಡಿನ ಬಳಿ ಒಂದು ಬೊಕ್ಕೆ ಎದ್ದಿತು. ಬೆಂಕಿಯಿಟ್ಟಂತಹ ಉರಿ. ಬೊಕ್ಕೆ ಒಡೆದು, ಅದರೊಳಗಿನಿಂದ ಬಿಳಿಯ ದಾರದಂತಹ ಹುಳುವಿನ ತುದಿ ಕಾಣಿಸಿಕೊಂಡಿತು. ಆ ಹುಳು ಎರಡು ಮೂರು ಅಡಿ ಉದ್ದವಿರುತ್ತದೆ. ಅದನ್ನು ಎಳೆದು ತೆಗೆಯುವಂತಿಲ್ಲ. ಒಳಗೆ ಹರಿದುಹೋದರೆ ಕಾಲು ಬಾತು ಕೀವಾಗುತ್ತದೆ. ಆದುದರಿಂದ ಅಜ್ಜಿ ಒಂದು ಸಣ್ಣ ಕಡ್ಡಿಗೆ ಅದರ ತುದಿಯನ್ನು ಸುತ್ತಿ, ದಿನಕ್ಕೆ ಒಂದೆರಡು ಅಂಗುಲದಂತೆ ಹೊರತೆಗೆಯುತ್ತಿದ್ದರು. ವಾರಗಟ್ಟಲೆ ಮಾವ ಮಲಗಿದಲ್ಲಿಯೇ ಮಲಗಿದ್ದರು. ಕೂರಿಗೆ ಮೂಲೆಯಲ್ಲಿಯೇ ಉಳಿಯಿತು. ಎತ್ತುಗಳು ಕೊಟ್ಟಿಗೆಯಲ್ಲಿ ನಿಂತವು. ಆ ವರ್ಷ ಅವರ ಹೊಲದಲ್ಲಿ ಬಿತ್ತನೆಯಾದದ್ದು ಅರ್ಧಕ್ಕಿಂತ ಕಡಿಮೆ. ನಾರುಹುಣ್ಣಿನಿಂದ ಜೀವ ಹೋಗುವುದು ಅಪರೂಪವಾಗಿತ್ತು. ಅದು ಒಕ್ಕಲುತನವನ್ನೇ ಕೆಡಿಸುತ್ತಿದ್ದ ರೋಗ.

ಇದು ಹರಡುತ್ತಿದ್ದ ಬಗೆಯನ್ನು ನೀವು ಗಮನವಿಟ್ಟು ಕೇಳಬೇಕು. ಆ ಊರುಗಳಲ್ಲಿ ಕುಡಿಯುವ ನೀರಿಗೆ ಪಾವಟಿಗೆಗಳನ್ನು ಇಳಿದು ಹೋಗುವ ಮೆಟ್ಟಿಲು ಬಾವಿಗಳಿದ್ದವು. ಕಾಲಿಗೆ ನಾರು ಹೊರಟವನು ಉರಿ ತಾಳಲಾರದೆ ಬಾವಿಯ ನೀರಿನಲ್ಲಿ ಕಾಲಿಡುತ್ತಿದ್ದನು; ಅಥವಾ ಕೊಡ ತುಂಬಲು ಮೊಣಕಾಲುದ್ದ ನೀರಿಗಿಳಿಯುತ್ತಿದ್ದನು. ನೀರು ತಾಗಿದೊಡನೆ ಹುಳು ಲಕ್ಷಗಟ್ಟಲೆ ಮರಿಗಳನ್ನು ಹೊರಚೆಲ್ಲುತ್ತಿತ್ತು. ನೀರಿನಲ್ಲಿ ಕಣ್ಣಿಗೆ ಕಂಡೂ ಕಾಣದಷ್ಟು ಸೂಕ್ಷ್ಮವಾದ ಸೈಕ್ಲಾಪ್ಸ್ ಎಂಬ ಜೀವಿಗಳಿರುತ್ತವೆ. ಅವು ಆ ಮರಿಗಳನ್ನು ನುಂಗುತ್ತಿದ್ದವು. ಸುಮಾರು ಎರಡು ವಾರಗಳಲ್ಲಿ ಮರಿ ಬಲಿಯುತ್ತಿತ್ತು. ಆ ನೀರನ್ನು ಹಾಗೆಯೇ ಕುಡಿದವರ ಹೊಟ್ಟೆಯೊಳಗೆ ಸೈಕ್ಲಾಪ್ಸ್ ಸತ್ತು, ಮರಿ ಮಾತ್ರ ಉಳಿದು, ಮೈಯೊಳಗೆ ಬೆಳೆದು, ಸುಮಾರು ಒಂದು ವರ್ಷದ ನಂತರ ಕಾಲಿನಿಂದ ಹೊರಬರುತ್ತಿತ್ತು. ಹೀಗೆ ಒಬ್ಬನ ಕಾಲಿನಿಂದ ಬಾವಿಗೆ, ಬಾವಿಯಿಂದ ಊರಿನವರೆಲ್ಲರ ಹೊಟ್ಟೆಗೆ, ಹೊಟ್ಟೆಯಿಂದ ಮತ್ತೆ ಕಾಲಿಗೆ. ಗಾಣದೆತ್ತಿನಂತೆ ಸುತ್ತುತ್ತಲೇ ಇತ್ತು.

ಈ ರೋಗಕ್ಕೆ ಲಸಿಕೆ ಇರಲಿಲ್ಲ, ಇಂದಿಗೂ ಇಲ್ಲ. ಹುಳುವನ್ನು ಒಳಗೇ ಕೊಲ್ಲುವ ಔಷಧಿಯೂ ಇಲ್ಲ. ಒಮ್ಮೆ ಬಂದವರಿಗೆ ಮತ್ತೆ ಬರುವುದಿಲ್ಲವೆಂಬ ಭರವಸೆಯೂ ಇರಲಿಲ್ಲ. ಹೀಗಿದ್ದರೂ ಭಾರತ ಸರ್ಕಾರವು 1980ರ ದಶಕದ ಆರಂಭದಲ್ಲಿ ಇದನ್ನು ದೇಶದಿಂದಲೇ ನಿರ್ಮೂಲಗೊಳಿಸುವ ಕಾರ್ಯಕ್ರಮವನ್ನು ಕೈಗೊಂಡಿತು. 1984ರಲ್ಲಿ ದೇಶದ ಹನ್ನೆರಡು ಸಾವಿರಕ್ಕೂ ಹೆಚ್ಚು ಹಳ್ಳಿಗಳಲ್ಲಿ ಸುಮಾರು 40,000 ರೋಗಿಗಳಿದ್ದರು. ನಮ್ಮ ರಾಜ್ಯವೂ ಪೀಡಿತ ರಾಜ್ಯಗಳ ಪಟ್ಟಿಯಲ್ಲಿತ್ತು. ದೇಶದ ಕೊನೆಯ ರೋಗಿ ಕಂಡುಬಂದದ್ದು 1996ರ ಜುಲೈ ತಿಂಗಳಿನಲ್ಲಿ, ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ. 2000ದ ಫೆಬ್ರವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಭಾರತವನ್ನು ನಾರುಹುಣ್ಣುಮುಕ್ತ ದೇಶವೆಂದು ಘೋಷಿಸಿತು.

ಔಷಧಿಯಿಲ್ಲದೆ, ಲಸಿಕೆಯಿಲ್ಲದೆ ಇದನ್ನು ಸಾಧಿಸಿದವರು ಯಾರು? ಸರ್ಕಾರ ಕೊಳವೆ ಬಾವಿಗಳನ್ನು ಕೊರೆಯಿಸಿತು. ಮೆಟ್ಟಿಲು ಬಾವಿಗಳ ಮೆಟ್ಟಿಲುಗಳನ್ನು ಮುಚ್ಚಿ, ರಾಟೆ ಹಾಕಿ, ಹಗ್ಗದಿಂದ ಸೇದುವ ಬಾವಿಗಳನ್ನಾಗಿ ಮಾರ್ಪಡಿಸಲಾಯಿತು. ಆರೋಗ್ಯ ಕಾರ್ಯಕರ್ತರು ಬಾವಿಗಳಿಗೆ ಸೈಕ್ಲಾಪ್ಸ್ ಕೊಲ್ಲುವ ಔಷಧಿಯನ್ನು ಹಾಕಿದರು, ಮನೆಮನೆಗೆ ಹೋಗಿ ರೋಗಿಗಳನ್ನು ಹುಡುಕಿದರು. ಇವೆಲ್ಲ ದಾಖಲೆಯಲ್ಲಿವೆ. ದಾಖಲೆಯಲ್ಲಿಲ್ಲದ ಇನ್ನೆರಡು ಕೆಲಸಗಳಿವೆ. ಒಂದು, ಮನೆಯ ಹೆಣ್ಣುಮಕ್ಕಳು ಕೊಡದ ಬಾಯಿಗೆ ಬಟ್ಟೆಯನ್ನು ಎರಡು ಪದರ ಮಾಡಿ ಕಟ್ಟಿ ನೀರನ್ನು ಸೋಸಿದ್ದು. ಇನ್ನೊಂದು, ನಾರು ಹೊರಟವರು ಉರಿಯನ್ನು ತಡೆದುಕೊಂಡು ಬಾವಿಗೆ ಇಳಿಯದೆ ಉಳಿದದ್ದು.

ಸೋಸುವ ಕೆಲಸವನ್ನೇ ಲೆಕ್ಕ ಹಾಕಿ. ದಿನಕ್ಕೆ ಎರಡು ಸಲದಂತೆ ಒಂದು ಮನೆಯಲ್ಲಿ ವರ್ಷಕ್ಕೆ 730 ಸಲ. ನೂರು ಮನೆಯ ಊರಿನಲ್ಲಿ ಎಪ್ಪತ್ಮೂರು ಸಾವಿರ ಸಲ. ಒಂದೊಂದು ಸಲವೂ ಯಾರೋ ಒಬ್ಬ ತಾಯಿ, ಹೊಲಕ್ಕೆ ಹೊತ್ತಾಯಿತೆಂಬ ಅವಸರದಲ್ಲಿಯೂ, ಬಟ್ಟೆ ಕಟ್ಟುವುದನ್ನು ಮರೆಯಲಿಲ್ಲ. ಇದಕ್ಕಿಂತಲೂ ದೊಡ್ಡ ವಿಷಯವೊಂದಿದೆ. ಹುಳು ಮೈಯೊಳಗೆ ಬೆಳೆಯಲು ಒಂದು ವರ್ಷ ಬೇಕೆಂದೆನಷ್ಟೆ. ಆದುದರಿಂದ ಈ ವರ್ಷ ನೀರು ಸೋಸಲಾರಂಭಿಸಿದ ಮನೆಯಲ್ಲಿಯೂ, ಹಿಂದಿನ ವರ್ಷ ಕುಡಿದ ನೀರಿನ ಫಲವಾಗಿ ನಾರು ಹೊರಡುತ್ತಲೇ ಇತ್ತು. “ಸೋಸಿದರೂ ಬಂತಲ್ಲ, ಇನ್ನೇಕೆ ಸೋಸಬೇಕು?” ಎಂದು ಜನ ಕೇಳಿದರೆ ಅದು ಸಹಜವೇ. ಹಾಗಿದ್ದೂ ಸೋಸುವುದನ್ನು ಬಿಡದವರಿಂದಲೇ ರೋಗದ ಸುತ್ತು ಮುರಿಯಿತು. ಫಲ ಕಾಣದ ಮೊದಲ ವರ್ಷದಲ್ಲಿ ಕೈಬಿಡದಿರುವುದೇ ಈ ಕೆಲಸಗಳಲ್ಲೆಲ್ಲ ಕಷ್ಟದ ಭಾಗ ಎಂಬುದು ನನ್ನ ಅಭಿಪ್ರಾಯ.

ಬಾವಿಗೆ ಇಳಿಯದೆ ಉಳಿದವನ ಸಂಗತಿಯಾದರೋ ಇನ್ನೂ ವಿಶೇಷವಾದದ್ದು. ಅದರಿಂದ ಅವನಿಗೆ ಲಾಭವೇನೂ ಇಲ್ಲ. ಅವನ ಕಾಲಿನ ಹುಳು ಬರುವುದು ಬಂದೇ ಬಂದಿದೆ. ನೀರಿನಲ್ಲಿ ಕಾಲಿಟ್ಟರೆ ಅವನಿಗೆ ತಂಪಾಗುತ್ತದೆ, ಅಷ್ಟೆ. ಅವನು ತಡೆದುಕೊಂಡದ್ದು ಪೂರ್ತಿಯಾಗಿ ಇತರರಿಗಾಗಿ. ನನ್ನ ಮಾವನವರು ಬಾವಿಗೆ ಇಳಿದಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ. ಆ ಕಾಲದಲ್ಲಿ ಅವರಿಗೆ ಯಾರೂ ತಿಳಿಸಿ ಹೇಳಿರಲಿಲ್ಲ. ಆದರೆ ಮುಂದಿನ ವರ್ಷಗಳಲ್ಲಿ ತಿಳಿದುಕೊಂಡ ಸಾವಿರಾರು ಜನ ಇಳಿಯಲಿಲ್ಲ ಎಂಬುದಕ್ಕೆ ಇಂದು ಈ ಸಭೆಯಲ್ಲಿ ಮೂರೇ ಕೈಗಳು ಮೇಲೆದ್ದುದೇ ಸಾಕ್ಷಿ.

ಈಗ ಆ ತಾಯಿಯ ಪ್ರಶ್ನೆಗೆ ಮರಳೋಣ. ಆರೋಗ್ಯದ ವಿಷಯದಲ್ಲಿ ಎಲ್ಲ ಪ್ರಯತ್ನಗಳೂ ಒಂದೇ ಬಗೆಯವಲ್ಲ. ಕೆಲವು ಮಾಡಿದವರಿಗೇ ನೇರವಾಗಿ ಫಲ ಕೊಡುತ್ತವೆ. ಊರಿನಲ್ಲಿ ಬೇರೆ ಯಾರೂ ಮಾಡದಿದ್ದರೂ, ಶೌಚದ ನಂತರ ಮತ್ತು ಮಗುವಿಗೆ ಉಣಿಸುವ ಮುನ್ನ ನೀವು ಸೋಪಿನಿಂದ ಕೈ ತೊಳೆದರೆ ನಿಮ್ಮ ಮನೆಯ ಭೇದಿ ಪ್ರಕರಣಗಳಲ್ಲಿ ಸುಮಾರು ಮೂರರಲ್ಲೊಂದು ಪಾಲು ಕಡಿಮೆಯಾಗುತ್ತದೆ. ಆದರೆ ಶೌಚಾಲಯದ ಲೆಕ್ಕವೇ ಬೇರೆ. ನೀವು ಶೌಚಾಲಯವನ್ನು ಬಳಸಿದಾಗ ನಿಮ್ಮ ಮನೆಯ ಹೊಲಸು ನೆರೆಯವರ ಮಗುವಿನ ಬಾಯಿಗೆ ಹೋಗುವುದು ತಪ್ಪುತ್ತದೆ. ನೆರೆಯವರು ಬಳಸಿದಾಗ ನಿಮ್ಮ ಮಗುವಿಗೆ ರಕ್ಷಣೆ ದೊರೆಯುತ್ತದೆ. ಬಾವಿಗಿಳಿಯದೆ ಉಳಿದ ರೋಗಿಯಂತೆ, ಆ ತಾಯಿ ತನ್ನ ಖರ್ಚಿನಲ್ಲಿ ಇಡೀ ಬೀದಿಗೆ ಉಪಕಾರ ಮಾಡಿದ್ದಳು. ಬೀದಿ ಇನ್ನೂ ಆ ಸಾಲವನ್ನು ತೀರಿಸಿರಲಿಲ್ಲ.

ಆದುದರಿಂದ “ನಿನ್ನ ಮನೆಯನ್ನು ನೀನು ಚೊಕ್ಕಟವಾಗಿಟ್ಟುಕೋ, ಸಾಕು” ಎಂದು ನಾವು ಹೇಳುತ್ತ ಬಂದದ್ದು ಅರ್ಧ ಸತ್ಯ. ಮುಂದಿನ ಸಲ ಆ ಹಳ್ಳಿಗೆ ಹೋದಾಗ ನಾನು ಆಕೆಯ ಮನೆಗೆ ಹೋಗಲಿಲ್ಲ. ಆಕೆಯ ನೆರೆಯವರ ಮನೆಗಳಿಗೆ ಹೋದೆ. ಆ ಬೀದಿಯಲ್ಲಿ ಹನ್ನೊಂದು ಮನೆಗಳು. ಐದು ಮನೆಗಳಲ್ಲಿ ಶೌಚಾಲಯವಿದ್ದರೂ ಅದರಲ್ಲಿ ಸೌದೆ, ಬೆರಣಿ ತುಂಬಿದ್ದವು. ಏಕೆಂದು ಕೇಳಿದಾಗ ಗುಂಡಿ ಬೇಗ ತುಂಬಿಹೋದೀತೆಂಬ ಭಯ ಒಂದು ಕಾರಣವೆಂದು ತಿಳಿಯಿತು. ಇದು ನಿಮ್ಮಲ್ಲಿಯೂ ಹಲವರಿಗೆ ಇರಬಹುದು. ಎರಡು ಗುಂಡಿಯ ಶೌಚಾಲಯದಲ್ಲಿ ಒಂದು ಗುಂಡಿ ತುಂಬಲು ಹಲವು ವರ್ಷಗಳು ಬೇಕು. ತುಂಬಿದ ಮೇಲೆ ಅದನ್ನು ಮುಚ್ಚಿ ಎರಡನೆಯದಕ್ಕೆ ತಿರುಗಿಸಬೇಕು. ಮುಚ್ಚಿದ ಗುಂಡಿಯನ್ನು ಒಂದು ವರ್ಷಕ್ಕೂ ಹೆಚ್ಚು ಕಾಲ ಹಾಗೆಯೇ ಬಿಟ್ಟರೆ ಒಳಗಿರುವುದು ವಾಸನೆಯಿಲ್ಲದ ಮಣ್ಣಿನಂತಾಗುತ್ತದೆ. ಹೊಲಕ್ಕೆ ಗೊಬ್ಬರವಾಗಿ ಹಾಕಬಹುದು. ಕುಡಿಯುವ ನೀರಿನ ಬಾವಿಯಿಂದ ಗುಂಡಿ ಐವತ್ತು ಅಡಿಗಳಷ್ಟಾದರೂ ದೂರವಿರಬೇಕು. ಇನ್ನೊಂದು ಮಾತು: ಚಿಕ್ಕ ಮಕ್ಕಳ ಮಲದಿಂದ ತೊಂದರೆಯಿಲ್ಲವೆಂದು ಅದನ್ನು ಅಂಗಳದ ಮೂಲೆಗೆ ಎಸೆಯುವುದುಂಟು. ದೊಡ್ಡವರ ಮಲದಷ್ಟೇ ರೋಗ ಅದರಲ್ಲಿಯೂ ಇರುತ್ತದೆ. ಅದೂ ಶೌಚಾಲಯಕ್ಕೇ ಹೋಗಬೇಕು.

ಕೆಲವು ಪ್ರಯತ್ನಗಳು ಹೆಚ್ಚು ಕಡಿಮೆ ಎಲ್ಲರೂ ಕೈಗೂಡಿಸಿದಾಗ ಮಾತ್ರ ಊರಿಗೆ ರಕ್ಷಣೆ ನೀಡುತ್ತವೆ. ಇದಕ್ಕೆ ದಡಾರವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಕೆಲವೆಡೆ ಇದನ್ನು ಅಮ್ಮ ಎಂದು ಕರೆದು, ಬೇವಿನ ಸೊಪ್ಪು ಕಟ್ಟಿ, ಮಗುವನ್ನು ಒಳಮನೆಯಲ್ಲಿ ಮಲಗಿಸುತ್ತಾರೆ. ಮಲಗಿಸುವುದು ಒಳ್ಳೆಯದೇ. ಆದರೆ ದಡಾರದ ಮಗುವಿನಿಂದ ರೋಗ ಹರಡುವುದು ಮೈಮೇಲೆ ಕೆಂಪು ಗಂದೆ ಕಾಣುವ ನಾಲ್ಕು ದಿನ ಮೊದಲೇ ಆರಂಭವಾಗಿರುತ್ತದೆ. ಆಗ ಅದು ಬರೀ ನೆಗಡಿ ಜ್ವರವೆಂದು ತೋರುವುದರಿಂದ ಮಗು ಅಂಗನವಾಡಿಯಲ್ಲಿ, ಜಾತ್ರೆಯಲ್ಲಿ, ಬಸ್ಸಿನಲ್ಲಿ ಎಲ್ಲರೊಡನೆ ಇರುತ್ತದೆ. ಅದು ಕೆಮ್ಮಿ ಎದ್ದುಹೋದ ಕೋಣೆಯ ಗಾಳಿಯಲ್ಲಿ ಎರಡು ಗಂಟೆಗಳವರೆಗೂ ರೋಗಾಣು ಉಳಿಯಬಲ್ಲದು. ರಕ್ಷಣೆಯಿಲ್ಲದವರ ನಡುವೆ ಒಬ್ಬ ರೋಗಿಯಿಂದ ಹನ್ನೆರಡರಿಂದ ಹದಿನೆಂಟು ಜನರಿಗೆ ಇದು ಅಂಟುತ್ತದೆ. ಇಷ್ಟು ವೇಗದ ರೋಗವನ್ನು ತಡೆಯಬೇಕಾದರೆ ಊರಿನ ನೂರು ಮಕ್ಕಳಲ್ಲಿ ತೊಂಬತ್ತೈದಕ್ಕಾದರೂ ಲಸಿಕೆಯ ಎರಡೂ ವರಸೆಗಳು ಆಗಿರಬೇಕು. ಆಗ ರೋಗಾಣು ಊರಿಗೆ ಬಂದರೂ ಹಿಡಿಯಲು ಮಗು ಸಿಗದೆ ಅಲ್ಲಿಯೇ ನಂದಿಹೋಗುತ್ತದೆ.

ಈ ಲಸಿಕೆಯ ಮೊದಲ ವರಸೆಯನ್ನು ಕೊಡುವುದು ಒಂಬತ್ತು ತಿಂಗಳು ತುಂಬಿದ ಮೇಲೆ. ಎರಡನೆಯದು ಹದಿನಾರರಿಂದ ಇಪ್ಪತ್ನಾಲ್ಕು ತಿಂಗಳೊಳಗೆ. ಹಾಗಾದರೆ ಒಂಬತ್ತು ತಿಂಗಳು ತುಂಬದ ಹಸುಗೂಸಿನ ಗತಿಯೇನು? ತಾಯಿಯಿಂದ ಬಂದ ರಕ್ಷಣೆ ತಿಂಗಳು ಕಳೆದಂತೆ ಕ್ಷೀಣಿಸುತ್ತದೆ. ಆ ಮಗುವಿಗೆ ಹೆತ್ತವರಾಗಲಿ ವೈದ್ಯರಾಗಲಿ ಮಾಡಬಹುದಾದದ್ದು ಕಡಿಮೆ. ಅದನ್ನು ಕಾಯುವವರು ಪಕ್ಕದ ಮನೆಯ ಲಸಿಕೆಯಾದ ಮಕ್ಕಳು. ನಿಮ್ಮ ಮಗುವಿನ ತೋಳಿಗೆ ಹಾಕಿದ ಸೂಜಿ ಎದುರು ಮನೆಯ ಬಾಣಂತಿಯ ತೊಟ್ಟಿಲನ್ನೂ ಕಾಯುತ್ತದೆ. ಇದನ್ನು ನಾನು ಅಲಂಕಾರಕ್ಕಾಗಿ ಹೇಳುತ್ತಿಲ್ಲ, ರೋಗದ ಲೆಕ್ಕವೇ ಹಾಗಿದೆ.

ಸೂಜಿ ಹಾಕಿದ ರಾತ್ರಿ ಮಗುವಿಗೆ ಜ್ವರ ಬರುತ್ತದೆ, ಮರುದಿನ ತಾಯಿಯ ಕೂಲಿ ತಪ್ಪುತ್ತದೆ ಎಂಬ ದೂರು ನ್ಯಾಯವಾದದ್ದೇ. ಒಂದು ದಿನದ ಕೂಲಿ ಬಡವರ ಮನೆಯಲ್ಲಿ ಸಣ್ಣ ಮಾತಲ್ಲ. ಇದಕ್ಕೆ ನನ್ನಲ್ಲಿರುವ ಸಲಹೆ ಇಷ್ಟೆ: ಆ ದಿನವನ್ನು ತಾಯಿ ತಂದೆ ಹಂಚಿಕೊಳ್ಳಲಿ. ಮೊದಲ ವರಸೆಗೆ ತಾಯಿ ಉಳಿದರೆ ಎರಡನೆಯದಕ್ಕೆ ತಂದೆ ಉಳಿಯಲಿ. ನಕ್ಕವರು ಗಂಡಸರೇ ಎಂಬುದನ್ನು ಗಮನಿಸಿದ್ದೇನೆ.

ಸಿಡುಬು ಹೋದದ್ದೂ ಇದೇ ಮಾರ್ಗದಿಂದ. ಲಸಿಕೆ ಹಾಕುವವರು ಬಂದಾಗ ಕಣಜದ ಹಿಂದೆ ಅಡಗುತ್ತಿದ್ದ ಕಾಲವೊಂದಿತ್ತೆಂದು ಹಿರಿಯರು ಹೇಳುತ್ತಾರೆ. 1975ರಲ್ಲಿ ನಮ್ಮ ದೇಶದ ಕೊನೆಯ ಸಿಡುಬು ರೋಗಿ ಕಂಡುಬಂದಿತು. 1980ರಲ್ಲಿ ಜಗತ್ತೇ ಸಿಡುಬಿನಿಂದ ಮುಕ್ತವಾಯಿತೆಂದು ಘೋಷಿಸಲಾಯಿತು. ಪೋಲಿಯೋ ಹನಿಯನ್ನು ಊರಿನ ಐದು ವರ್ಷದೊಳಗಿನ ಮಕ್ಕಳಿಗೆಲ್ಲ ಒಂದೇ ದಿನ ಹಾಕಿಸಿದ್ದೂ, ರೋಗಾಣುವಿಗೆ ಅಡಗಲು ಒಂದು ಮನೆಯನ್ನೂ ಉಳಿಸಬಾರದೆಂಬ ಕಾರಣಕ್ಕೇ. 2011ರ ಜನವರಿಯ ನಂತರ ದೇಶದಲ್ಲಿ ಕಾಡುಬಗೆಯ ಪೋಲಿಯೋ ರೋಗಿ ಕಂಡುಬಂದಿಲ್ಲ.

ಇನ್ನು ಸೊಳ್ಳೆಯ ವಿಷಯ. ಡೆಂಗಿ ಜ್ವರವನ್ನು ಹರಡುವ ಸೊಳ್ಳೆ ಚರಂಡಿಯಲ್ಲಿ ಹುಟ್ಟುವುದಲ್ಲ. ನಾವು ಚೊಕ್ಕಟವಾಗಿ ತುಂಬಿಟ್ಟ ನೀರಿನಲ್ಲಿಯೇ ಹುಟ್ಟುತ್ತದೆ. ಹಗಲು ಹೊತ್ತಿನಲ್ಲಿ ಕಚ್ಚುತ್ತದೆ. ಸಿಮೆಂಟಿನ ತೊಟ್ಟಿ, ಬಚ್ಚಲ ಹಂಡೆ, ಹಿತ್ತಿಲಿನ ಒರಳುಕಲ್ಲು, ಎಸೆದ ತೆಂಗಿನ ಚಿಪ್ಪು, ಅಡಿಕೆ ಹಾಳೆ, ಮಾಳಿಗೆಯ ಮೇಲಿನ ಹಳೆಯ ಟೈರು, ಇವೇ ಅದರ ತವರುಮನೆ. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಅದಕ್ಕೆ ಏಳರಿಂದ ಹತ್ತು ದಿನಗಳು ಸಾಕು. ಆದುದರಿಂದ ವಾರಕ್ಕೊಮ್ಮೆ ಎಲ್ಲ ಪಾತ್ರೆಗಳನ್ನು ಬರಿದು ಮಾಡಿ, ಒಳಬದಿಯನ್ನು ತಿಕ್ಕಿ, ಒಣಗಿಸಿ, ಮತ್ತೆ ತುಂಬಿ ಮುಚ್ಚಬೇಕು. ತಿಕ್ಕದೆ ಬರೀ ಚೆಲ್ಲಿದರೆ ಗೋಡೆಗಂಟಿದ ಮೊಟ್ಟೆ ತಿಂಗಳುಗಟ್ಟಲೆ ಒಣಗಿದ್ದರೂ ನೀರು ಸೋಕಿದೊಡನೆ ಜೀವತಳೆಯುತ್ತದೆ. ಈ ಸೊಳ್ಳೆ ಬಹುದೂರ ಹಾರಲಾರದು. ನಿಮ್ಮನ್ನು ಕಚ್ಚುವ ಸೊಳ್ಳೆ ನಿಮ್ಮ ಮನೆಯದು, ಇಲ್ಲವೆ ಅಕ್ಕಪಕ್ಕದ ಹತ್ತಿಪ್ಪತ್ತು ಮನೆಗಳದು. ಒಂದು ಮನೆ ಸೋಮವಾರ, ಇನ್ನೊಂದು ಮನೆ ಮುಂದಿನ ತಿಂಗಳು ತೊಟ್ಟಿ ತೊಳೆದರೆ ಪ್ರಯೋಜನ ಅಲ್ಪ. ಬೀದಿಯವರೆಲ್ಲ ಕೂಡಿ ವಾರದಲ್ಲಿ ಒಂದು ದಿನವನ್ನು ಗೊತ್ತುಮಾಡಿಕೊಳ್ಳಬೇಕು. ನೀರು ವಾರಕ್ಕೊಮ್ಮೆ ಬಿಡುವ ಊರುಗಳಲ್ಲಿ ನೀರು ಬರುವ ಹಿಂದಿನ ದಿನವನ್ನೇ ಇಟ್ಟುಕೊಂಡರೆ ನೀರೂ ವ್ಯರ್ಥವಾಗದು.

ದಂಪತಿಗಳನ್ನೇ ಈ ಸಭೆಗೆ ಏಕೆ ಕರೆದೆವೆಂದು ನೀವು ಕೇಳಬಹುದು. ಬಯಲುಸೀಮೆಯಲ್ಲಿ ಸುಮಾರು ಐದು ಸಾವಿರ ಜನಸಂಖ್ಯೆಗೆ ಒಂದು ಆರೋಗ್ಯ ಉಪಕೇಂದ್ರವಿರಬೇಕೆಂಬುದು ಸರ್ಕಾರದ ಮಾನದಂಡ. ಅಲ್ಲಿನ ಸಹೋದರಿ ಎಷ್ಟೇ ಶ್ರದ್ಧೆಯಿಂದ ದುಡಿದರೂ ಒಂದು ಮನೆಗೆ ತಿಂಗಳಿಗೊಮ್ಮೆ ಕೆಲವು ನಿಮಿಷಗಳು ಬಂದುಹೋಗಬಲ್ಲರು. ಉಳಿದ ದಿನಗಳಲ್ಲಿ ಮಗುವಿಗೆ ಯಾವ ನೀರು, ಯಾವಾಗ ಸೂಜಿ, ಕೈತೊಳೆಯಲು ಬಚ್ಚಲಿನಲ್ಲಿ ಸೋಪು ಇದೆಯೋ ಇಲ್ಲವೋ ಎಂಬುದನ್ನು ನಿರ್ಧರಿಸುವವರು ಗಂಡಹೆಂಡಿರು. 1971ರಲ್ಲಿ ನಮ್ಮ ದೇಶದಲ್ಲಿ ಹುಟ್ಟಿದ ಸಾವಿರ ಶಿಶುಗಳಲ್ಲಿ 129 ಶಿಶುಗಳು ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಿದ್ದವು. 2020ರ ಹೊತ್ತಿಗೆ ಅದು 28ಕ್ಕೆ ಇಳಿದಿತ್ತು. ಇದರಲ್ಲಿ ಆಸ್ಪತ್ರೆಗಳ ಪಾಲು ದೊಡ್ಡದು, ಸಂದೇಹವಿಲ್ಲ. ಆದರೆ ಆರು ತಿಂಗಳು ಬರೀ ಎದೆಹಾಲನ್ನೇ ಉಣಿಸಿದ ತಾಯಿಯ ಪಾಲನ್ನೂ, ಭೇದಿಯಾದಾಗ ರಾತ್ರಿಯಿಡೀ ಚಮಚದಿಂದ ಜೀವಜಲ ಕುಡಿಸಿದ ಅಜ್ಜಿಯ ಪಾಲನ್ನೂ ಅದರಿಂದ ಕಳೆಯಲಾಗದು. ಪೊಟ್ಟಣ ಸಿಗದಿದ್ದಲ್ಲಿ ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಸಮಮಟ್ಟದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಇದಕ್ಕಿಂತ ಹೆಚ್ಚಾಗಕೂಡದು. ಮಗು ಮಂಕಾದರೆ, ಕುಡಿಯಲಾರದಾದರೆ, ಮಲದಲ್ಲಿ ರಕ್ತ ಕಂಡರೆ ಕಾಯದೆ ಕರೆತನ್ನಿ.

ಹೆರಿಗೆಗಳ ನಡುವಿನ ಅಂತರವೂ ಈ ಲೆಕ್ಕಕ್ಕೇ ಸೇರಿದ್ದು. ಒಂದು ಹೆರಿಗೆಯಾದ ಮೇಲೆ ಎರಡು ವರ್ಷಗಳಾದರೂ ಕಳೆದು ಮತ್ತೆ ಗರ್ಭ ನಿಂತರೆ ತಾಯಿಯ ರಕ್ತ ಮರಳಿ ತುಂಬಿಕೊಳ್ಳಲು ಅವಕಾಶವಾಗುತ್ತದೆ. ಮೊದಲ ಮಗುವಿಗೆ ಎದೆಹಾಲು ನಡುವಿನಲ್ಲಿ ತಪ್ಪುವುದಿಲ್ಲ. ಹಾಲು ತಪ್ಪಿ ಸೊರಗಿದ ಮಗುವಿಗೆ ಊರಿನ ಭೇದಿ, ದಡಾರಗಳು ಮೊದಲು ತಗಲುತ್ತವೆ. ಅದರಿಂದ ಬೇರೆ ಮಕ್ಕಳಿಗೂ ಹರಡುತ್ತವೆ. ಎಷ್ಟು ಮಕ್ಕಳು, ಯಾವಾಗ ಎಂಬುದು ನೀವಿಬ್ಬರೂ ಕೂಡಿ, ಯಾರ ಬಲವಂತವೂ ಇಲ್ಲದೆ ತೀರ್ಮಾನಿಸಬೇಕಾದ ವಿಷಯ. ನಮ್ಮ ಕರ್ತವ್ಯ ವಿಧಾನಗಳನ್ನು ತಿಳಿಸುವುದು. ಈ ತಿಳಿವಳಿಕೆ ನಮ್ಮ ನಾಡಿಗೆ ಹೊಸದೂ ಅಲ್ಲ. 1930ರಲ್ಲಿಯೇ ಮೈಸೂರು ಸಂಸ್ಥಾನದ ಸರ್ಕಾರವು ಸಂತಾನ ನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆದಿತ್ತು. ಮಕ್ಕಳು ಸಾಕೆಂದು ನಿಶ್ಚಯಿಸಿದ ಮನೆಗಳಲ್ಲಿ ಶಸ್ತ್ರಚಿಕಿತ್ಸೆಗೆ ಯಾವಾಗಲೂ ಹೆಂಡತಿಯೇ ಬರುವುದನ್ನು ಕಂಡಿದ್ದೇನೆ. ಪುರುಷರ ಶಸ್ತ್ರಚಿಕಿತ್ಸೆ ಅದಕ್ಕಿಂತ ಸುಲಭವಾದದ್ದು; ಹೊಲಿಗೆಯಿಲ್ಲ, ಅಂದೇ ಮನೆಗೆ ಹೋಗಬಹುದು, ದುಡಿಮೆಯ ಶಕ್ತಿಯಾಗಲಿ ಪುರುಷತ್ವವಾಗಲಿ ಕುಂದುವುದಿಲ್ಲ. ಮೂರು ತಿಂಗಳ ಕಾಲ ಮಾತ್ರ ಬೇರೆ ವಿಧಾನವನ್ನು ಬಳಸಿ, ಬಳಿಕ ವೀರ್ಯ ಪರೀಕ್ಷೆ ಮಾಡಿಸಿಕೊಳ್ಳಬೇಕು. ಈ ಬಗ್ಗೆ ಸಭೆಯಲ್ಲಿ ಕೇಳಲು ಸಂಕೋಚವಿದ್ದವರು ಕೇಂದ್ರಕ್ಕೆ ಬಂದು ಪ್ರತ್ಯೇಕವಾಗಿ ಕೇಳಬಹುದು.

ಆ ತಾಯಿಯ ಬೀದಿ ಏನಾಯಿತೆಂದು ನಿಮಗೆ ತಿಳಿಯುವ ಕುತೂಹಲವಿರಬಹುದು. ಹನ್ನೊಂದು ಮನೆಗಳಲ್ಲಿ ಈಗ ಒಂಬತ್ತು ಮನೆಯವರು ಶೌಚಾಲಯ ಬಳಸುತ್ತಿದ್ದಾರೆ. ಸೌದೆ ಹೊರಗೆ ಬಂದಿದೆ. ಒಂದು ಮನೆಯ ಯಜಮಾನರು, ವಯಸ್ಸಾದವರು, ಬಯಲಿನ ಗಾಳಿಯೇ ತಮಗೆ ಹಿತವೆನ್ನುತ್ತಾರೆ. ಅವರ ಸೊಸೆ ಮಾತ್ರ ಬಳಸಲಾರಂಭಿಸಿದ್ದಾಳೆ. ಇನ್ನೊಂದು ಮನೆಯಲ್ಲಿ ಗುಂಡಿ ತೋಡಲು ಜಾಗವೇ ಇಲ್ಲ; ಪಂಚಾಯಿತಿಯವರು ಏನಾದರೂ ಮಾಡಬೇಕಾಗಿದೆ, ನಾನು ಎರಡು ಸಲ ಬರೆದಿದ್ದೇನೆ. ಈ ಮಳೆಗಾಲದಲ್ಲಿ ಆ ಮಗು ಒಂದು ಸಲ ಮಾತ್ರ ಭೇದಿಗೆಂದು ನನ್ನ ಬಳಿಗೆ ಬಂದಿತ್ತು. ಒಂದು ಮಗು, ಒಂದು ಮಳೆಗಾಲ; ಇದರಿಂದ ಏನನ್ನೂ ಸಿದ್ಧಪಡಿಸಿದೆನೆಂದು ನಾನು ಹೇಳಲಾರೆ. ಆದರೆ ಆಕೆ ಈ ಸಲ ಆ ಪ್ರಶ್ನೆಯನ್ನು ಕೇಳಲಿಲ್ಲ. ಉಳಿದ ಎರಡು ಮನೆಗಳ ವಿಷಯವನ್ನೇ ಮಾತನಾಡಿದಳು.

ಹೊತ್ತಾಯಿತು, ದನಕರುಗಳು ಮನೆಗೆ ಬರುವ ಸಮಯ. ಬಾಗಿಲ ಬಳಿ ನಮ್ಮ ಸಹೋದರಿಯವರು ನೋಂದಣಿ ಪುಸ್ತಕವನ್ನಿಟ್ಟುಕೊಂಡು ಕುಳಿತಿದ್ದಾರೆ. ಎರಡು ವರ್ಷದೊಳಗಿನ ಮಕ್ಕಳಿರುವವರು ತಾಯಿ ಕಾರ್ಡನ್ನು ತೋರಿಸಿ, ಯಾವ ವರಸೆ ಬಾಕಿಯಿದೆಯೆಂದು ನೋಡಿಸಿಕೊಂಡು ಹೋಗಿ. ಕಾರ್ಡು ಕಳೆದುಹೋಗಿದ್ದರೂ ಸಂಕೋಚಪಡದೆ ಹೆಸರು ಬರೆಸಿ. ತೊಟ್ಟಿ ತೊಳೆಯುವ ದಿನ ಯಾವುದೆಂದು ಆಯಾ ಬೀದಿಯವರು ಇಲ್ಲಿಯೇ ಮಾತನಾಡಿಕೊಂಡು, ಆಶಾ ಕಾರ್ಯಕರ್ತೆಯವರಿಗೆ ತಿಳಿಸಿದರೆ ಒಳ್ಳೆಯದು. ಹಿಂದಿನ ಸಾಲಿನ ಅಜ್ಜನವರು ದಯವಿಟ್ಟು ಸ್ವಲ್ಪ ನಿಲ್ಲಬೇಕು. ನಾರುಹುಣ್ಣಿನ ಕಾಲದ ಅವರ ನೆನಪುಗಳನ್ನು ಬರೆದುಕೊಳ್ಳುವ ಆಸೆ ನನಗಿದೆ.